50 ಪಾಯಿಂಟ್ ಹೊಡೆದವನಿಗೂ ಸಿಗದ ಎಂವಿಪಿ

ಎನ್‌ಬಿಎ ಅಂದರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್. ಅದರ 1961–62ರ ಸೀಸನ್‌ನಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್‌ನ ವಿಲ್ಟ್ ಚೇಂಬರ್ಲೇನ್ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಹೊಡೆದ. ಯಾವುದೋ ಒಂದು ವಾರದ ಲೆಕ್ಕ ಅಲ್ಲ ಇದು, ಇಡೀ ಸೀಸನ್ನಿನ ಸರಾಸರಿ. ಮಾರ್ಚ್ 2ರಂದು ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಬ್ಬನೇ 100 ಪಾಯಿಂಟ್ ಹಾಕಿದ. ಜೊತೆಗೆ ಪಂದ್ಯಕ್ಕೆ 25ಕ್ಕಿಂತ ಜಾಸ್ತಿ ರೀಬೌಂಡ್ (ಬೀಳದ ಶಾಟ್‌ನ ಚೆಂಡನ್ನು ಹಿಡಿಯುವುದು). ಅದೇ ಸೀಸನ್‌ನಲ್ಲಿ ಸಿನ್ಸಿನಾಟಿಯ ಆಸ್ಕರ್ ರಾಬರ್ಟ್‌ಸನ್ ಪಾಯಿಂಟ್, ರೀಬೌಂಡ್, ಅಸಿಸ್ಟ್ (ಬಾಸ್ಕೆಟ್‌ಗೆ ದಾರಿ ಮಾಡಿದ ಪಾಸ್) ಮೂರರಲ್ಲೂ ಸರಾಸರಿ ಎರಡಂಕಿ ಮುಟ್ಟಿದ. ಅಲ್ಲಿವರೆಗೆ ಯಾರೂ ಅದನ್ನು ಮಾಡಿರಲಿಲ್ಲ.

ಎಂವಿಪಿ, ಅಂದರೆ ಸೀಸನ್ನಿನ ಅತ್ಯಂತ ಮೌಲ್ಯಯುತ ಆಟಗಾರ ಅನ್ನುವ ಪ್ರಶಸ್ತಿ, ಇಬ್ಬರಿಗೂ ಸಿಗಲಿಲ್ಲ. ಅದು ಹೋಗಿದ್ದು ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್‌ಗೆ. ಅವನ ಸರಾಸರಿ 18.9 ಪಾಯಿಂಟ್.

ಆಗ ವೋಟು ಹಾಕುತ್ತಿದ್ದವರು ಲೀಗಿನ ಆಟಗಾರರೇ. ತಮ್ಮ ತಂಡದವರಿಗೆ ಹಾಕುವ ಹಾಗಿರಲಿಲ್ಲ. ಅಂದರೆ ರಸೆಲ್‌ಗೆ ವೋಟು ಹಾಕಿದವರೆಲ್ಲ ಅವನ ಎದುರು ಆಡಿದವರು. ಆ ವರ್ಷದ ಆಲ್-ಎನ್‌ಬಿಎ ತಂಡಗಳನ್ನು, ಅಂದರೆ ಸೀಸನ್ನಿನ ಅತ್ಯುತ್ತಮ ಆಟಗಾರರ ಪಟ್ಟಿಗಳನ್ನು, ಆರಿಸಿದ್ದು ಪತ್ರಕರ್ತರು. ಅವರು ಮೊದಲ ತಂಡದ ಸೆಂಟರ್ ಜಾಗವನ್ನು ಚೇಂಬರ್ಲೇನ್‌ಗೆ ಕೊಟ್ಟು ರಸೆಲ್‌ನನ್ನು ಎರಡನೇ ತಂಡಕ್ಕೆ ಹಾಕಿದರು. ಅಂಕಿ ನೋಡಿದವರು ಒಬ್ಬನನ್ನು ಆರಿಸಿದರು, ಎದುರು ನಿಂತು ಆಡಿದವರು ಇನ್ನೊಬ್ಬನನ್ನು.

ಆಟಗಾರರಿಗೆ ಏನು ಕಂಡಿತ್ತು? ರಸೆಲ್‌ನ ದೊಡ್ಡ ಕೆಲಸ ಬ್ಲಾಕ್ ಮಾಡುವುದು, ಅಂದರೆ ಎದುರಾಳಿಯ ಶಾಟನ್ನು ಗಾಳಿಯಲ್ಲೇ ತಡೆಯುವುದು. ಬ್ಲಾಕ್ ಮಾಡುವಾಗ ಎಷ್ಟೋ ಜನ ಚೆಂಡನ್ನು ಜೋರಾಗಿ ಹೊಡೆದು ಗ್ಯಾಲರಿಗೆ ಕಳಿಸುತ್ತಾರೆ. ಜನ ಚಪ್ಪಾಳೆ ಹೊಡೆಯುತ್ತಾರೆ, ಆದರೆ ಚೆಂಡು ಮತ್ತೆ ಎದುರಾಳಿಗೇ ಸಿಗುತ್ತದೆ. ರಸೆಲ್ ಮೆಲ್ಲಗೆ ತಟ್ಟಿ ಚೆಂಡನ್ನು ಕೋರ್ಟಿನೊಳಗೇ ಉಳಿಸುತ್ತಿದ್ದ. ಅದು ತನ್ನವರ ಕೈಗೆ ಬಂದು, ಎದುರಾಳಿ ಹಿಂದೆ ತಿರುಗುವಷ್ಟರಲ್ಲಿ ಸೆಲ್ಟಿಕ್ಸ್ ಆ ಕಡೆ ಲೇಅಪ್ (ರಿಂಗ್ ಹತ್ತಿರದ ಸುಲಭ ಶಾಟ್) ಹಾಕಿ ಮುಗಿಸಿರುತ್ತಿತ್ತು. ಎರಡು ಸಲ ಹೀಗಾದ ಮೇಲೆ ಎದುರಾಳಿಗಳು ರಿಂಗ್ ಹತ್ತಿರ ಹೋಗೋಕೇ ಹಿಂದೆ ಮುಂದೆ ನೋಡುತ್ತಿದ್ದರು. ದೂರದಿಂದ ಅವಸರದಲ್ಲಿ ಶಾಟ್ ಹೊಡೆಯುತ್ತಿದ್ದರು. ಹೀಗೆ ಹೆದರಿ ಹಾಕದೇ ಬಿಟ್ಟ ಶಾಟ್ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬ್ಲಾಕಿನ ಲೆಕ್ಕವನ್ನೇ ಎನ್‌ಬಿಎ ಇಡೋಕೆ ಶುರು ಮಾಡಿದ್ದು 1973–74ರಲ್ಲಿ. ಆ ಹೊತ್ತಿಗೆ ರಸೆಲ್ ನಿವೃತ್ತನಾಗಿ ಕೆಲವು ವರ್ಷ ಕಳೆದಿತ್ತು.

ಎಂವಿಪಿ ಬಗ್ಗೆ ಇವತ್ತಿಗೂ ನಡೆಯುವ ಎಲ್ಲ ಜಗಳದ ಬೇರು ಇಲ್ಲೇ ಇದೆ ಅಂತ ನನಗನಿಸುತ್ತದೆ.

ನಮ್ಮ ತುಮಕೂರಿನಲ್ಲೂ ಈ ಜಗಳ ಕಮ್ಮಿಯೇನಿಲ್ಲ. ಅಮೆರಿಕದ ರಾತ್ರಿ ಪಂದ್ಯಗಳು ನಮಗೆ ಬೆಳಗಿನ ಜಾವದಿಂದ ಶುರುವಾಗುತ್ತವೆ. ಕಾಲೇಜು ಕೋರ್ಟಿನಲ್ಲಿ ಪ್ರಾಕ್ಟೀಸ್ ಮುಗಿಸಿದ ಹುಡುಗರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಮೊಬೈಲಿನಲ್ಲಿ ನಾಲ್ಕನೇ ಕ್ವಾರ್ಟರ್ ನೋಡುತ್ತಾರೆ. ಆಮೇಲೆ ಮಾತು ಒಂದೇ ಕಡೆ ಬಂದು ನಿಲ್ಲುತ್ತದೆ. "ಅಣ್ಣಾ, ಜಾಸ್ತಿ ಪಾಯಿಂಟ್ ಹೊಡೆದವನಿಗೇ ಕೊಡಬೇಕಲ್ವಾ? ಇನ್ನೇನು ನೋಡ್ತಾರೆ?" ಅಂತ ಒಬ್ಬ ಕೇಳುತ್ತಾನೆ. ಪ್ರಶ್ನೆ ಸರಿಯಾಗೇ ಇದೆ. ಉತ್ತರಕ್ಕೆ ಸ್ವಲ್ಪ ಸಮಾಧಾನ ಬೇಕು.

ಮೊದಲು ನಿಯಮ ಹೇಳಿಬಿಡುತ್ತೇನೆ. ಈ ಪ್ರಶಸ್ತಿ ಶುರುವಾಗಿದ್ದು 1955–56ರಲ್ಲಿ. ಮೊದಲು ಪಡೆದವನು ಸೇಂಟ್ ಲೂಯಿಸ್ ಹಾಕ್ಸ್‌ನ ಬಾಬ್ ಪೆಟಿಟ್. 1980–81ರಿಂದ ವೋಟು ಆಟಗಾರರ ಕೈಯಿಂದ ಪತ್ರಕರ್ತರು ಮತ್ತು ಪ್ರಸಾರದವರ ಕೈಗೆ ಹೋಯಿತು. ಈಚಿನ ವರ್ಷಗಳಲ್ಲಿ 100 ಜನ ವೋಟು ಹಾಕುತ್ತಾರೆ. ಪ್ರತಿಯೊಬ್ಬರೂ ಐದು ಹೆಸರನ್ನು ಕ್ರಮವಾಗಿ ಬರೆಯಬೇಕು. ಮೊದಲ ಹೆಸರಿಗೆ 10, ಆಮೇಲೆ 7, 5, 3, 1 ಅಂಕ. ಒಟ್ಟು ಕೂಡಿಸಿ ಜಾಸ್ತಿ ಬಂದವನು ಗೆದ್ದ. ಲೆಕ್ಕ ತೆಗೆದುಕೊಳ್ಳುವುದು 82 ಪಂದ್ಯಗಳ ಲೀಗ್ ಹಂತ ಮಾತ್ರ. ಪ್ಲೇಆಫ್ ಇದರಲ್ಲಿ ಸೇರುವುದಿಲ್ಲ, ಫೈನಲ್ಸ್‌ಗೆ ಬೇರೆಯದೇ ಎಂವಿಪಿ ಇದೆ. "ಫೈನಲ್ ಸೋತವನಿಗೆ ಯಾಕೆ ಕೊಟ್ಟರು" ಅಂತ ಕೇಳುವವರು ಇದನ್ನು ಮರೆತಿರುತ್ತಾರೆ. ಇನ್ನು "ಮೌಲ್ಯ" ಅಂದರೆ ಏನು ಅಂತ ಲೀಗ್ ಎಲ್ಲೂ ಬಿಡಿಸಿ ಹೇಳಿಲ್ಲ. ಅದನ್ನು ವೋಟು ಹಾಕುವವರಿಗೇ ಬಿಟ್ಟಿದೆ.

ಈಗ ಪಾಯಿಂಟಿನ ವಿಷಯಕ್ಕೆ ಬರೋಣ. ಒಂದು ಪಂದ್ಯದಲ್ಲಿ ಒಬ್ಬ 30 ಪಾಯಿಂಟ್ ಹೊಡೆದ, ಇನ್ನೊಬ್ಬ 26 ಅಂತ ಇಟ್ಟುಕೊಳ್ಳಿ. ಮೊದಲನೆಯವನು ಆ 30ಕ್ಕೆ 26 ಶಾಟ್ ಮತ್ತು 4 ಫ್ರೀ ಥ್ರೋ (ಫೌಲ್ ಆದಾಗ ಸಿಗುವ ಒಂದೊಂದು ಪಾಯಿಂಟಿನ ಎಸೆತ) ತೆಗೆದುಕೊಂಡ. 11 ಶಾಟ್ ಬಿತ್ತು, 15 ಬೀಳಲಿಲ್ಲ. ಎರಡನೆಯವನು 15 ಶಾಟ್, 8 ಫ್ರೀ ಥ್ರೋ ತೆಗೆದುಕೊಂಡ. 8 ಶಾಟ್ ಬಿತ್ತು, 7 ಬೀಳಲಿಲ್ಲ. ಇವರನ್ನು ಹೋಲಿಸೋಕೆ ಟ್ರೂ ಶೂಟಿಂಗ್ ಅಂತ ಒಂದು ಲೆಕ್ಕ ಇದೆ. ಫ್ರೀ ಥ್ರೋ ಸಂಖ್ಯೆಯನ್ನು 0.44ರಿಂದ ಗುಣಿಸಿ, ಅದನ್ನು ಶಾಟ್‌ಗಳಿಗೆ ಕೂಡಿಸಿ, ಬಂದದ್ದನ್ನು ಎರಡರಷ್ಟು ಮಾಡಿ, ಅದರಿಂದ ಪಾಯಿಂಟನ್ನು ಭಾಗಿಸಬೇಕು. ಫ್ರೀ ಥ್ರೋಗಳು ಹೆಚ್ಚಾಗಿ ಜೋಡಿಯಾಗಿ ಬರುತ್ತವೆ, ಕೆಲವು ಸಲ ಬಾಸ್ಕೆಟ್ ಬಿದ್ದ ಮೇಲೆ ಒಂದೇ ಸಿಗುತ್ತದೆ. ಅದಕ್ಕೇ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಇರುವ ಆ 0.44. ಮೊದಲನೆಯವನಿಗೆ ಸುಮಾರು ಶೇಕಡಾ 54 ಬರುತ್ತದೆ, ಎರಡನೆಯವನಿಗೆ ಶೇಕಡಾ 70.

ಶೇಕಡಾವಾರು ಪಕ್ಕಕ್ಕಿಟ್ಟರೂ ವಿಷಯ ಸರಳ. ಮೊದಲನೆಯವನು 4 ಪಾಯಿಂಟ್ ಜಾಸ್ತಿ ತರೋಕೆ 11 ಶಾಟ್ ಜಾಸ್ತಿ ಬಳಸಿದ. ಆ ಹನ್ನೊಂದು ಸಲ ಚೆಂಡು ತಂಡದ ಇನ್ನೊಬ್ಬನ ಕೈಗೆ ಹೋಗಬಹುದಿತ್ತು. ಹಾಗಂತ ಜಾಸ್ತಿ ಶಾಟ್ ಹೊಡೆಯುವವನು ಸ್ವಾರ್ಥಿ ಅಂತ ತೀರ್ಮಾನ ಮಾಡಬೇಡಿ. ಶಾಟ್ ಕ್ಲಾಕಿನಲ್ಲಿ (ಶಾಟ್ ಹೊಡೆಯೋಕೆ ಇರುವ ಸಮಯದ ಗಡಿಯಾರ) ನಾಲ್ಕು ಸೆಕೆಂಡ್ ಉಳಿದಾಗ ಎಲ್ಲರೂ ಚೆಂಡನ್ನು ತಂದು ಅವನ ಕೈಗೇ ಕೊಡುತ್ತಾರೆ. ಬೇರೆ ಯಾರೂ ಮುಟ್ಟದ ಕಷ್ಟದ ಶಾಟ್‌ಗಳು ಅವನ ಲೆಕ್ಕಕ್ಕೇ ಬರುತ್ತವೆ. ಅದಕ್ಕೆ ಎರಡನ್ನೂ ಸೇರಿಸಿ ನೋಡಬೇಕು. ತಂಡದ ದಾಳಿಯಲ್ಲಿ ಎಷ್ಟು ಪಾಲು ಅವನ ಹೆಗಲ ಮೇಲಿದೆ? ಅಷ್ಟು ಹೊತ್ತುಕೊಂಡೂ ಎಷ್ಟು ಚೆನ್ನಾಗಿ ಹೊಡೆಯುತ್ತಾನೆ? ಎರಡರಲ್ಲೂ ಮೇಲಿರುವವರು ಇಡೀ ಲೀಗಿನಲ್ಲಿ ಬೆರಳೆಣಿಕೆ.

ಇಷ್ಟು ತೂಕ ಒಬ್ಬನ ಮೇಲೆ ಬೀಳುವುದು ಬಾಸ್ಕೆಟ್‌ಬಾಲಿನ ಗುಣ. ಕ್ರಿಕೆಟ್‌ನಲ್ಲಿ ಎಂಥ ಬ್ಯಾಟ್ಸ್‌ಮನ್ ಆದರೂ ಔಟಾದ ಮೇಲೆ ಪೆವಿಲಿಯನ್ನಿನಲ್ಲಿ ಕೂರಲೇಬೇಕು, ಒಳ್ಳೇ ಬೌಲರ್ ಅಂತ ಒನ್‌ಡೇಲಿ 10 ಓವರ್‌ಗಿಂತ ಜಾಸ್ತಿ ಕೊಡುವ ಹಾಗಿಲ್ಲ. ಇಲ್ಲಿ ಕೋರ್ಟಿನಲ್ಲಿರುವುದು ಐದೇ ಜನ. 48 ನಿಮಿಷದ ಪಂದ್ಯದಲ್ಲಿ ಒಳ್ಳೆಯ ಆಟಗಾರ 35 ನಿಮಿಷ ಆಡುತ್ತಾನೆ, ಎರಡೂ ತುದಿಯಲ್ಲಿ. ಚೆಂಡು ಎಷ್ಟು ಸಲ ಅವನ ಕೈಗೆ ಬರಬೇಕು ಅನ್ನೋದಕ್ಕೆ ಮಿತಿಯೇ ಇಲ್ಲ. ಹಾಗಾಗಿ ಒಬ್ಬ ಮನುಷ್ಯ ಇಡೀ ತಂಡದ ಆಟವನ್ನೇ ಬದಲಿಸಿಬಿಡಬಹುದು.

ಹೇಗೆ ಬದಲಿಸುತ್ತಾನೆ ಅನ್ನೋದನ್ನು ಹತ್ತಿರದಿಂದ ನೋಡಬೇಕು. 2015–16ರ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಪಂದ್ಯ ಯಾವುದಾದರೂ ಹಾಕಿಕೊಳ್ಳಿ. ಸ್ಟೆಫನ್ ಕರ್ರಿ ಆ ವರ್ಷ 402 ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹಾಕುವ ಮೂರು ಪಾಯಿಂಟಿನ ಶಾಟ್) ಹಾಕಿದ. ಅದಕ್ಕೆ ಮುಂಚಿನ ದಾಖಲೆ 286, ಅದೂ ಅವನದೇ. ತಂಡ 73 ಗೆದ್ದು 9 ಸೋತಿತು. 131 ವೋಟಿಗೆ 131ರಲ್ಲೂ ಅವನ ಹೆಸರೇ ಮೊದಲು. ಹೀಗೆ ಎಲ್ಲರೂ ಒಬ್ಬನನ್ನೇ ಆರಿಸಿದ್ದು ಅದೇ ಮೊದಲ ಸಲ. ಇವೆಲ್ಲ ಪುಸ್ತಕದಲ್ಲಿ ಸಿಗುವ ವಿಷಯ.

ಈಗ ಆಟ ನೋಡಿ. ಕರ್ರಿ ಚೆಂಡು ತಟ್ಟುತ್ತಾ ಅರ್ಧ ಕೋರ್ಟ್ ದಾಟುತ್ತಾನೆ. ಡ್ರೇಮಂಡ್ ಗ್ರೀನ್ ಬಂದು ಸ್ಕ್ರೀನ್ ಹಾಕುತ್ತಾನೆ, ಅಂದರೆ ಕರ್ರಿಯ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಡಿಫೆಂಡರ್‌ಗಳು ಹಿಂದೆ ಸರಿದು ರಿಂಗ್ ಕಾಯುತ್ತಿದ್ದರು. ಕರ್ರಿ ಮುಂದೆ ಹಾಗೆ ಮಾಡಿದರೆ ಅವನು ಅಲ್ಲಿಂದಲೇ ಎತ್ತಿ ಹೊಡೆಯುತ್ತಾನೆ. ಅದಕ್ಕೆ ಇಬ್ಬರೂ ಅವನ ಮೇಲೆ ಬೀಳುತ್ತಾರೆ. ಅವನು ಚೆಂಡನ್ನು ಗ್ರೀನ್‌ಗೆ ತಳ್ಳುತ್ತಾನೆ. ಈಗ ಗ್ರೀನ್ ಮತ್ತು ಇನ್ನೂ ಮೂವರು ರಿಂಗಿನ ಕಡೆ ಹೊರಟಿದ್ದಾರೆ, ತಡೆಯೋಕೆ ಇರುವುದು ಮೂರೇ ಜನ. ಒಬ್ಬ ಗ್ರೀನ್‌ನನ್ನು ತಡೆಯೋಕೆ ಮುಂದೆ ಬಂದ ತಕ್ಷಣ ಗ್ರೀನ್ ಮೂಲೆಯಲ್ಲಿ ನಿಂತವನಿಗೆ ಪಾಸ್ ಕೊಡುತ್ತಾನೆ. ಅವನು ತ್ರೀ ಹಾಕುತ್ತಾನೆ. ಸ್ಕೋರ್ ಬರೆಯುವವನು ಮೂಲೆಯವನಿಗೆ 3 ಪಾಯಿಂಟ್, ಗ್ರೀನ್‌ಗೆ ಒಂದು ಅಸಿಸ್ಟ್ ಬರೆದುಕೊಳ್ಳುತ್ತಾನೆ. ಕರ್ರಿ ಹೆಸರಿನ ಮುಂದೆ ಏನೂ ಇಲ್ಲ. ಆದರೆ ಆ ಬಾಸ್ಕೆಟ್ ಹುಟ್ಟಿದ್ದು ಅವನಿಂದ ತಾನೇ?

ಡೆನ್ವರ್ ನಗೆಟ್ಸ್‌ನ ನಿಕೊಲಾ ಯೋಕಿಚ್ ಇನ್ನೊಂದು ಥರ. ಸೆರ್ಬಿಯಾದ ಹುಡುಗ, 2014ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸುವ ವ್ಯವಸ್ಥೆ) 41ನೆಯವನಾಗಿ ಆಯ್ಕೆಯಾದವನು. ಎತ್ತರ ಹಾರುವುದಿಲ್ಲ, ಜೋರಾಗಿ ಓಡುವುದೂ ಇಲ್ಲ. ಫ್ರೀ ಥ್ರೋ ಗೆರೆಯ ಹತ್ತಿರ ರಿಂಗಿಗೆ ಬೆನ್ನು ಮಾಡಿ ಚೆಂಡು ಹಿಡಿದು ನಿಲ್ಲುತ್ತಾನೆ. ತಂಡದವನೊಬ್ಬ ಚೆಂಡು ಇಸ್ಕೊಳ್ಳೋಕೆ ಅವನ ಕಡೆ ಓಡಿ ಬರುತ್ತಾನೆ. ಡಿಫೆಂಡರ್ ಅವನ ದಾರಿಗೆ ಅಡ್ಡ ಬಂದರೆ, ಓಡಿ ಬಂದವನು ಗಕ್ಕನೆ ತಿರುಗಿ ರಿಂಗಿನ ಕಡೆ ಹೋಗುತ್ತಾನೆ. ಯೋಕಿಚ್ ತಿರುಗಿ ಕೂಡ ನೋಡದೆ ತಲೆ ಮೇಲಿಂದ ಚೆಂಡು ಕಳಿಸುತ್ತಾನೆ, ಲೇಅಪ್. ಡಿಫೆಂಡರ್ ಹಿಂದೆ ಉಳಿದರೆ ಯೋಕಿಚ್ ಚೆಂಡು ಕೈಗೆ ಕೊಟ್ಟು ಅಲ್ಲೇ ಅಡ್ಡ ನಿಲ್ಲುತ್ತಾನೆ, ಓಡಿ ಬಂದವನಿಗೆ ಶಾಟ್ ಹೊಡೆಯೋಕೆ ದಾರಿ ಖಾಲಿ. ಇಬ್ಬರು ಡಿಫೆಂಡರ್‌ಗಳೂ ಓಡುವವನ ಮೇಲೇ ಗಮನ ಇಟ್ಟರೆ ತಾನೇ ತಿರುಗಿ ಎರಡು ಪಾಯಿಂಟ್ ಹಾಕುತ್ತಾನೆ. ಡಿಫೆನ್ಸ್ ಯಾವುದನ್ನು ಮಾಡಿದರೂ ತಪ್ಪೇ. ಅವನ ಜೊತೆ ಆಡುವವರು ಇದ್ದಕ್ಕಿದ್ದಂತೆ ಒಳ್ಳೇ ಶೂಟರ್‌ಗಳಾಗಿ ಕಾಣುವುದು ಸುಮ್ನೆ ಅಲ್ಲ. ಅವರಿಗೆ ಸಿಗುವ ಶಾಟ್‌ಗಳೇ ಸುಲಭದವು.

2021–22ರಲ್ಲಿ ಆ ತಂಡದ ಜಮಾಲ್ ಮರ್ರಿ ಮೊಣಕಾಲಿನ ಗಾಯದಿಂದ ಇಡೀ ಸೀಸನ್ ಆಡಲಿಲ್ಲ. ಮೈಕಲ್ ಪೋರ್ಟರ್ ಜೂನಿಯರ್ ಆಡಿದ್ದು 9 ಪಂದ್ಯ. ಆದರೂ ಡೆನ್ವರ್ 48 ಪಂದ್ಯ ಗೆದ್ದಿತು. ಒಂದೇ ಸೀಸನ್‌ನಲ್ಲಿ 2000 ಪಾಯಿಂಟ್, 1000 ರೀಬೌಂಡ್, 500 ಅಸಿಸ್ಟ್ ದಾಟಿದ ಮೊದಲ ಆಟಗಾರ ಯೋಕಿಚ್ ಆದ. ಎರಡನೇ ಎಂವಿಪಿ ಸಿಕ್ಕಿತು. ನನ್ನ ಕಣ್ಣಿಗೆ ಈ ಪ್ರಶಸ್ತಿಯ ಅರ್ಥ ತುಂಬಾ ಸ್ಪಷ್ಟವಾಗಿ ಕಂಡ ವರ್ಷ ಅದು. ಇದ್ದವರಲ್ಲೇ ತಂಡ ಕಟ್ಟಿದ, ಉಳಿದ ನಾಲ್ವರ ಕೆಲಸವನ್ನು ಸುಲಭ ಮಾಡಿದ. ನಾನು ಮೊದಲು ನೋಡುವುದೂ ಅದನ್ನೇ. ಇವನು ಇದ್ದಾಗ ಉಳಿದ ನಾಲ್ವರು ಎಂಥ ಆಟಗಾರರಾಗುತ್ತಾರೆ?

ಇದನ್ನು ಅಳೆಯೋಕೆ ಪ್ಲಸ್-ಮೈನಸ್ ಅನ್ನುವ ಲೆಕ್ಕ ಇದೆ. ಒಬ್ಬ ಕೋರ್ಟಿನಲ್ಲಿದ್ದಾಗ ತಂಡ ಎದುರಾಳಿಗಿಂತ ಎಷ್ಟು ಪಾಯಿಂಟ್ ಜಾಸ್ತಿ ಅಥವಾ ಕಮ್ಮಿ ಹೊಡೆಯಿತು, ಅಷ್ಟೇ. ಅವನು ಬೆಂಚಿನಲ್ಲಿ ಕೂತಾಗ ಏನಾಯಿತು ಅನ್ನೋದನ್ನೂ ಪಕ್ಕದಲ್ಲಿಟ್ಟು ನೋಡಿದರೆ ಅವನ ಬೆಲೆ ಗೊತ್ತಾಗುತ್ತಾ ಬರುತ್ತದೆ. ಕರ್ರಿಯ ಆ ಬರೆಯದೇ ಉಳಿದ ಬಾಸ್ಕೆಟ್ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ರಸೆಲ್‌ಗೆ ಹೆದರಿ ಬಿಟ್ಟ ಶಾಟ್ ಕೂಡ ಇಲ್ಲಾದರೆ ಸಿಗುತ್ತಿತ್ತು.

ಆದರೆ ಇದರಲ್ಲೂ ಮೋಸ ಹೋಗುವ ಜಾಗ ಇವೆ. ಒಳ್ಳೇ ನಾಲ್ವರ ಜೊತೆ ಆಡುವ ಸಾಧಾರಣ ಆಟಗಾರನಿಗೂ ಪ್ಲಸ್ ಬರುತ್ತದೆ. ಬದಲಿಗೆ ಬರುವವನು ತೀರಾ ಸೋತವನಾದರೆ, ಬೆಂಚಿಗೆ ಹೋದವನು ದೇವರಂತೆ ಕಾಣುತ್ತಾನೆ. ಒಂದು ಪಂದ್ಯದ ಪ್ಲಸ್-ಮೈನಸ್‌ಗೆ ಅರ್ಥವೇ ಇಲ್ಲ ಅಂದರೂ ನಡೆಯುತ್ತದೆ. ನೂರಾರು, ಸಾವಿರಾರು ನಿಮಿಷ ಕೂಡಿದ ಮೇಲೆ ಅದು ಮಾತಾಡೋಕೆ ಶುರು ಮಾಡುತ್ತದೆ. ಅದಕ್ಕೇ ಯಾರ ಜೊತೆ ಆಡಿದ, ಯಾರ ಎದುರು ಆಡಿದ ಅನ್ನೋದನ್ನು ಸರಿದೂಗಿಸುವ ದೊಡ್ಡ ದೊಡ್ಡ ಲೆಕ್ಕಗಳು ಬಂದಿವೆ. ಅವೂ ಪೂರ್ತಿ ಒಪ್ಪುವಂಥವಲ್ಲ, ಒಂದಕ್ಕೊಂದು ಹೊಂದುವುದೂ ಇಲ್ಲ.

ಎಣಿಸೋಕೆ ಸಿಗುವ ಅಂಕಿಯೂ ಕೆಲವು ಸಲ ದಾರಿ ತಪ್ಪಿಸುತ್ತದೆ. 2016–17ರಲ್ಲಿ ಒಕ್ಲಹೋಮಾ ಸಿಟಿಯ ರಸೆಲ್ ವೆಸ್ಟ್‌ಬ್ರೂಕ್ 31.6 ಪಾಯಿಂಟ್, 10.7 ರೀಬೌಂಡ್, 10.4 ಅಸಿಸ್ಟ್ ಸರಾಸರಿ ಮಾಡಿದ. 42 ಟ್ರಿಪಲ್ ಡಬಲ್ (ಒಂದೇ ಪಂದ್ಯದಲ್ಲಿ ಮೂರು ಲೆಕ್ಕದಲ್ಲಿ ಎರಡಂಕಿ), ರಾಬರ್ಟ್‌ಸನ್‌ನ 41ರ ದಾಖಲೆ ಮುರಿಯಿತು. ಎಂವಿಪಿ ಅವನಿಗೇ. ಆದರೆ ಆ ರೀಬೌಂಡ್‌ಗಳನ್ನು ಗಮನಿಸಿ ನೋಡಿದರೆ, ಎಷ್ಟೋ ಸಲ ಸ್ಟೀವನ್ ಆಡಮ್ಸ್ ಎದುರಾಳಿಯನ್ನು ಬೆನ್ನಲ್ಲಿ ತಡೆದು ನಿಂತಿರುತ್ತಾನೆ, ಖಾಲಿ ಜಾಗಕ್ಕೆ ಬಂದ ಚೆಂಡನ್ನು ವೆಸ್ಟ್‌ಬ್ರೂಕ್ ಎತ್ತಿಕೊಳ್ಳುತ್ತಾನೆ. ಇದರಲ್ಲಿ ತಪ್ಪೇನಿಲ್ಲ. ಚೆಂಡು ನೇರವಾಗಿ ಅವನ ಕೈಗೆ ಬಂದರೆ ಅಲ್ಲಿಂದಲೇ ಓಡಬಹುದು ಅನ್ನುವುದು ತಂಡದ ಲೆಕ್ಕಾಚಾರ. ಆದರೂ ಆ 10 ಅನ್ನುವ ಅಂಕಿಯಲ್ಲಿ ಆಡಮ್ಸ್‌ನ ಬೆವರೂ ಇದೆ. ಹಿಂದಿನ ಬೇಸಿಗೆಯಲ್ಲಿ ಕೆವಿನ್ ಡುರಾಂಟ್ ಬಿಟ್ಟು ಹೋದ ತಂಡವನ್ನು ಅವನು 47 ಗೆಲುವಿನವರೆಗೆ ಎಳೆದ, ಅದನ್ನು ನಾನು ಮೆಚ್ಚುತ್ತೇನೆ. ಬರೀ ಎರಡಂಕಿ ದಾಟಿದ್ದಕ್ಕಾಗಿ ಮಾತ್ರ ಯಾರಾದರೂ ವೋಟು ಹಾಕಿದ್ದರೆ ಅದನ್ನು ಒಪ್ಪಲಾರೆ. 9.9 ರೀಬೌಂಡ್ ಆಗಿದ್ದರೆ ಅವನ ಆಟ ಏನು ಕೆಟ್ಟುಹೋಗುತ್ತಿತ್ತು?

ಗೆಲುವಿಗೆ ಎಷ್ಟು ಬೆಲೆ ಕೊಡಬೇಕು? ಇಲ್ಲಿ ಒಪ್ಪಂದವೇ ಇಲ್ಲ. 1975–76ರಲ್ಲಿ ಕರೀಂ ಅಬ್ದುಲ್-ಜಬ್ಬಾರ್‌ಗೆ ಎಂವಿಪಿ ಸಿಕ್ಕಾಗ ಅವನ ಲೇಕರ್ಸ್ 40 ಗೆದ್ದು 42 ಸೋತಿತ್ತು, ಪ್ಲೇಆಫ್‌ಗೂ ಹೋಗಿರಲಿಲ್ಲ. ಒಟ್ಟು 6 ಎಂವಿಪಿ ಪಡೆದ, ಇವತ್ತಿಗೂ ಯಾರೂ ಮುಟ್ಟದ ಮನುಷ್ಯ ಅವನು. ಈಗಿನ ಕಾಲದಲ್ಲಿ ಅಂಥ ತಂಡದವನಿಗೆ ಯಾರೂ ಕೊಡುವುದಿಲ್ಲ. 2004–05ರ ಕಥೆ ಉಲ್ಟಾ. ಫೀನಿಕ್ಸ್ ಸನ್ಸ್ ಹಿಂದಿನ ವರ್ಷ ಗೆದ್ದಿದ್ದು 29. ಸ್ಟೀವ್ ನ್ಯಾಶ್ ಬಂದ ವರ್ಷ 62. ಅವನ ಸರಾಸರಿ 15.5 ಪಾಯಿಂಟ್, ಜೊತೆಗೆ 11.5 ಅಸಿಸ್ಟ್. ಶಕೀಲ್ ಓನೀಲ್‌ಗಿಂತ ಸ್ವಲ್ಪವೇ ಮುಂದಿದ್ದು ಪ್ರಶಸ್ತಿ ಪಡೆದ.

2024–25ರದ್ದು ಇನ್ನೂ ಬಿಸಿ ಇದೆ. ಒಕ್ಲಹೋಮಾ ಸಿಟಿಯ ಶೇ ಗಿಲ್ಜಸ್-ಅಲೆಕ್ಸಾಂಡರ್ 32.7 ಪಾಯಿಂಟ್ ಸರಾಸರಿಯಲ್ಲಿ ಲೀಗಿಗೇ ಮೊದಲಿಗ, ಅವನ ತಂಡ 68 ಗೆದ್ದಿತು. ಯೋಕಿಚ್ 29.6 ಪಾಯಿಂಟ್, 12.7 ರೀಬೌಂಡ್, 10.2 ಅಸಿಸ್ಟ್, ತಂಡದ ಗೆಲುವು 50. ಮೊದಲ ಸ್ಥಾನದ 71 ವೋಟು ಶೇಗೆ, 29 ಯೋಕಿಚ್‌ಗೆ. ನನಗೆ ವೋಟಿದ್ದರೆ ಯೋಕಿಚ್‌ಗೆ ಹಾಕುತ್ತಿದ್ದೆ. ಒಕ್ಲಹೋಮಾದ ಡಿಫೆನ್ಸ್ ಶೇ ಬೆಂಚಿನಲ್ಲಿದ್ದಾಗಲೂ ಎದುರಾಳಿಯ ಉಸಿರು ಹಿಡಿಯುತ್ತಿತ್ತು. ಯೋಕಿಚ್ ಕೂತರೆ ಡೆನ್ವರ್‌ನ ದಾಳಿಯೇ ನಿಂತುಹೋಗುತ್ತಿತ್ತು. ಹಾಗಂತ ಶೇಗೆ ಕೊಟ್ಟಿದ್ದು ಅನ್ಯಾಯ ಅನ್ನೋ ಮಾತು ನನ್ನ ಬಾಯಿಂದ ಬರುವುದಿಲ್ಲ. 68 ಗೆಲುವು ಸುಮ್ನೆ ಬರುವಂಥದ್ದಲ್ಲ, ಅದರಲ್ಲಿ ಪ್ರತಿ ರಾತ್ರಿ ತಪ್ಪದೆ ಬಂದು ಹೊಡೆದವನು ಅವನೇ.

ಪ್ರತಿ ರಾತ್ರಿ ಬರುವುದಕ್ಕೂ ಈಗ ನಿಯಮ ಇದೆ. 2023–24ರಿಂದ ಕಮ್ಮಿ ಅಂದರೆ 65 ಪಂದ್ಯ ಆಡಿರಬೇಕು. ಫಿಲಡೆಲ್ಫಿಯಾದ ಜೋಯೆಲ್ ಎಂಬೀಡ್ 2023ರಲ್ಲಿ ಎಂವಿಪಿ ಆದವನು, ಮರು ಸೀಸನ್‌ನಲ್ಲಿ ಒಂದೇ ಪಂದ್ಯದಲ್ಲಿ 70 ಪಾಯಿಂಟ್ ಹೊಡೆದ. ಆಮೇಲೆ ಮಂಡಿ ಕೈಕೊಟ್ಟಿತು, ಆಡಿದ್ದು 39 ಪಂದ್ಯ, ಲೆಕ್ಕದಿಂದ ಹೊರಗೆ. 1977–78ರಲ್ಲಿ ಬಿಲ್ ವಾಲ್ಟನ್ 58 ಪಂದ್ಯ ಆಡಿ ಎಂವಿಪಿ ಆಗಿದ್ದ, ಈಗಿನ ನಿಯಮದಲ್ಲಿ ಅವನಿಗೂ ಸಿಗುತ್ತಿರಲಿಲ್ಲ.

ವೋಟು ಹಾಕುವವರೂ ಮನುಷ್ಯರೇ. ಒಬ್ಬನಿಗೇ ಕೊಟ್ಟು ಕೊಟ್ಟು ಅವರಿಗೂ ಬೇಸರ ಬರುತ್ತದೆ. ಸತತವಾಗಿ ಮೂರು ಸಲ ಪಡೆದವರು ರಸೆಲ್, ಚೇಂಬರ್ಲೇನ್, ಲ್ಯಾರಿ ಬರ್ಡ್ ಮೂವರೇ. ನಾಲ್ಕು ಸಲ ಸತತವಾಗಿ ಯಾರಿಗೂ ಸಿಕ್ಕಿಲ್ಲ. 1996–97ರಲ್ಲಿ ಮೈಕಲ್ ಜೋರ್ಡನ್‌ನ ಬುಲ್ಸ್ 69 ಗೆದ್ದರೂ ಪ್ರಶಸ್ತಿ ಯೂಟಾದ ಕಾರ್ಲ್ ಮಲೋನ್‌ಗೆ ಹೋಯಿತು. ಆಗ ಜೋರ್ಡನ್ ಅವನಿಗಿಂತ ಕಮ್ಮಿ ಅಂತ ಯಾರಾದರೂ ಎದೆ ಮುಟ್ಟಿ ಹೇಳುತ್ತಾರಾ?

ಈಗ ನಮ್ಮೂರ ಕೋರ್ಟಿಗೆ ಬರ್ತೀನಿ, ಇದನ್ನೆಲ್ಲ ಬರೆಯೋಕೆ ಕೂತಿದ್ದೂ ಅದಕ್ಕೇ. ತುಮಕೂರಿನಲ್ಲಿ ಟೂರ್ನಮೆಂಟ್ ಆದಾಗ ತಿಪಟೂರು, ಗುಬ್ಬಿ, ಶಿರಾ ಕಡೆಯ ಹುಡುಗರೂ ಬರುತ್ತಾರೆ. ಕೊನೇ ದಿನ ಬೆಸ್ಟ್ ಪ್ಲೇಯರ್ ಕಪ್ ಕೊಡಬೇಕು. ಸಂಘಟಕರು ಸ್ಕೋರ್ ಶೀಟ್ ತೆಗೆದು ನೋಡುತ್ತಾರೆ. ಆ ಶೀಟಿನಲ್ಲಿ ಇರುವುದು ಯಾವ ನಂಬರಿನವನು ಎಷ್ಟು ಪಾಯಿಂಟ್ ಹೊಡೆದ, ಎಷ್ಟು ಫೌಲ್ ಮಾಡಿದ, ಟೈಮ್‌ಔಟ್ ಯಾವಾಗ ತಗೊಂಡರು, ಇಷ್ಟೇ. ರೀಬೌಂಡ್ ಇಲ್ಲ, ಅಸಿಸ್ಟ್ ಇಲ್ಲ, ಬ್ಲಾಕ್ ಇಲ್ಲ. ಆ ಹಾಳೆ ಹಿಡಿದು ಆರಿಸಿದರೆ ಜಾಸ್ತಿ ಪಾಯಿಂಟ್ ಹೊಡೆದವನನ್ನು ಬಿಟ್ಟು ಬೇರೆ ಹೆಸರು ಬರೋಕೆ ದಾರಿಯೇ ಇಲ್ಲ. ಅವತ್ತು ಎದುರಾಳಿಯ ದೊಡ್ಡ ಆಟಗಾರನನ್ನು ನಾಲ್ಕು ಕ್ವಾರ್ಟರ್ ಬಿಡದೆ ಕಟ್ಟಿಹಾಕಿದ ಹುಡುಗ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಿರುತ್ತಾನೆ.

ಇದನ್ನು ಸರಿ ಮಾಡೋಕೆ ಕಂಪ್ಯೂಟರ್ ಬೇಡ. ಒಂದು ನೋಟ್‌ಬುಕ್, ಇಬ್ಬರು ಹುಡುಗರು ಸಾಕು. ಸ್ಕೋರರ್ ಟೇಬಲ್ ಪಕ್ಕ ಕೂರಿಸಿ. ಒಬ್ಬ ನೋಡಿ ಹೇಳಲಿ, ಇನ್ನೊಬ್ಬ ಬರೆಯಲಿ. ಆಟಗಾರ ಬದಲಾದಾಗಲೆಲ್ಲ ಆ ಹೊತ್ತಿನ ಸ್ಕೋರ್ ಬರೆದುಕೊಳ್ಳಿ. 7ನೇ ನಂಬರಿನ ಹುಡುಗ ಒಳಗೆ ಬಂದಾಗ 14–12, ಹೊರಗೆ ಹೋದಾಗ 31–22. ಅವನಿದ್ದಾಗ ತಂಡ 17 ಹೊಡೆದು 10 ಬಿಟ್ಟುಕೊಟ್ಟಿತು, ಅಂದರೆ ಪ್ಲಸ್ 7. ಅವನು ಮತ್ತೆ ಬರುವಾಗ 35–33. ಅವನಿಲ್ಲದಾಗ 4 ಹೊಡೆದು 11 ಬಿಟ್ಟಿತು, ಮೈನಸ್ 7. ಬಾಸ್ಕೆಟ್‌ಗೆ ದಾರಿ ಮಾಡಿದ ಪಾಸ್ ಯಾರದು ಅಂತ ಪಕ್ಕದಲ್ಲಿ ಒಂದು ಗೀಟು ಹಾಕಿ, ರೀಬೌಂಡ್‌ಗೆ ಇನ್ನೊಂದು. ಒಂದು ಪಂದ್ಯದ ಲೆಕ್ಕ ನಂಬಬೇಡಿ, ಲೀಗ್ ಪಂದ್ಯಗಳಿಂದ ಫೈನಲ್‌ವರೆಗೆ ಎಲ್ಲ ಕೂಡಿಸಿ. ಕಪ್ ಮೇಲೆ ಹೆಸರು ಬರೆಸುವ ಮುಂಚೆ ಆ ನೋಟ್‌ಬುಕ್ ಮತ್ತು ಸ್ಕೋರ್ ಶೀಟ್ ಎರಡನ್ನೂ ಅಕ್ಕಪಕ್ಕ ಇಟ್ಟು, ಎದುರು ಆಡಿದ ತಂಡಗಳ ಕ್ಯಾಪ್ಟನ್‌ಗಳನ್ನು ಕರೆದು ಕೇಳಿ: ಯಾರನ್ನು ತಡೆಯೋಕೆ ನಿಮಗೆ ಆಗಲೇ ಇಲ್ಲ?